ಅಕ್ಕಿ ಕೋಣೆಯ ಬೆಸ್ಸಿ

ಪೆಸ್ಟ್ ಕಂಟ್ರೋಲ್ ಕೆಲಸಕ್ಕೆಂದು ಗಲ್ಫಿಗೆ ಹೊರಡುವವರು ಈಗಲೂ ಆಗೊಮ್ಮೆ ಈಗೊಮ್ಮೆ ನಮ್ಮ ಮನೆಗೆ ಬರುತ್ತಾರೆ. ವೀಸಾದ ಪ್ರತಿ ತೋರಿಸಿ, "ಅಂಕಲ್, ಕೆಲಸ ಹೇಗಿರ್ತದೆ?" ಎಂದು ಕೇಳುತ್ತಾರೆ. ಬೆನ್ನಿಗೆ ಪಂಪು ಕಟ್ಟಿಕೊಂಡು ಮದ್ದು ಹೊಡೆಯುವ ಕೆಲಸ ಎಂದು ಅವರ ತಲೆಯಲ್ಲಿರುತ್ತದೆ. ಅದೂ ಹೌದು. ಆದರೆ ವರ್ಷಗಟ್ಟಲೆ ಆ ಕೆಲಸ ಮಾಡಿ ಬಂದ ನನಗೆ ಮೊದಲು ನೆನಪಾಗುವುದು ಪಂಪಲ್ಲ, ಒಂದು ನಾಯಿ. ನಾನು ಯಾವಾಗ ಸೂಪರ್‌ವೈಸರ್ ಆದೆ, ಯಾರು ಸರ್ಟಿಫಿಕೇಟ್ ಕೊಟ್ಟರು ಎನ್ನುವುದನ್ನು ಓದಿ ಯಾರಿಗೂ ಏನೂ ಆಗಬೇಕಾದ್ದಿಲ್ಲ. ಒಂದು ಜೀವವನ್ನು ನನ್ನ ವಶಕ್ಕೆ ಒಪ್ಪಿಸಿ ಹೋಗಿದ್ದರು, ಅದನ್ನು ನಾನು ಪ್ರೀತಿಯಿಂದಲೇ ಸಾವಿನ ಬಾಗಿಲಿಗೆ ತಂದು ನಿಲ್ಲಿಸಿದೆ. ಅದನ್ನು ಬರೆದರೆ ಹೊಸಬರಿಗೆ ಉಪಯೋಗವಾದೀತು.

ಕುವೈತಿನಲ್ಲಿ ಯುದ್ಧ ಆಗುವುದಕ್ಕೆ ಮೂರು ವರ್ಷ ಮೊದಲು ನಾನು ಅಲ್ಲಿಗೆ ಹೋದೆ. ಸುಲೈಬಿಯಾದಲ್ಲಿ ನಮ್ಮ ಕಫೀಲನ, ಅಂದರೆ ವೀಸಾ ಕೊಟ್ಟು ಕರೆಸಿಕೊಂಡ ಅರಬ್ಬಿ ಧಣಿಯ, ಗೋದಾಮು. ಅಕ್ಕಿ, ಗೋಧಿಹಿಟ್ಟು, ಬೇಳೆ, ಸಕ್ಕರೆ, ಹೀಗೆ ತಿನ್ನುವ ಸಾಮಾನು ಮಾತ್ರ. ಇಲಿ ಹೆಗ್ಗಣಗಳ ಉಸ್ತುವಾರಿಗೆ ಅಲ್ಲಿ ಒಬ್ಬ ಇಂಗ್ಲಿಷಿನವರಿದ್ದರು, ಮಿಸ್ಟರ್ ಟರ್ನರ್. ಅವರ ಕೈಕೆಳಗೆ ನಾನು. ಹೋದ ಮರುದಿನ ಬೆಳಿಗ್ಗೆ ಅವರು ಒಂದು ಪ್ರಾಣಿಯನ್ನು ಹಗ್ಗದಲ್ಲಿ ಹಿಡಿದುಕೊಂಡು ಬಂದರು. ಬೂದು ಬಣ್ಣದ ಗುಂಗುರು ಉಣ್ಣೆ, ಕಮಾನಿನ ಹಾಗೆ ಬಾಗಿದ ಬೆನ್ನು, ನೆತ್ತಿಯ ಮೇಲೆ ಬಿಳಿ ಜುಟ್ಟು, ಕಿವಿಯ ತುದಿಗೆ ಎರಡು ಕುಚ್ಚು. ಯಾವುದೋ ಹಬ್ಬಕ್ಕೆ ಸಾಕಿದ ಕುರಿಮರಿ ಇರಬೇಕೆಂದು ನಾನು ಅಡುಗೆಮನೆಗೆ ಓಡಿ ಕ್ಯಾಬೇಜಿನ ಹೊರಗಿನ ಎಲೆಗಳನ್ನು ತಂದು ಮೂತಿಗೆ ಹಿಡಿದೆ. ಅದು ಎಲೆಯನ್ನು ಮೂಸಿತು, ನನ್ನನ್ನು ನೋಡಿತು, ಆಮೇಲೆ ಟರ್ನರ್ ಅವರನ್ನು ನೋಡಿತು.

"ಇವಳು ಬೆಸ್ಸಿ," ಎಂದರು ಟರ್ನರ್. "ಬೆಡ್ಲಿಂಗ್ಟನ್ ಟೆರಿಯರ್. ನಿನ್ನ ಸೀನಿಯರ್. ಎಲೆ ತಿನ್ನುವುದಿಲ್ಲ."

ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನೆಲ್ಲ ನಾನು ಇಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವರ ಮಾತು ಕಡಿಮೆ. ಆದರೆ ಬೆಸ್ಸಿಯ ಕುಲದ ವಿಷಯ ಎತ್ತಿದರೆ ಚಹಾ ಆರಿ ತಣ್ಣಗಾಗುವವರೆಗೂ ನಿಲ್ಲುತ್ತಿರಲಿಲ್ಲ. ಇಂಗ್ಲೆಂಡಿನ ಉತ್ತರದಲ್ಲಿ ಕಲ್ಲಿದ್ದಲ ಗಣಿಗಳ ಊರು ಬೆಡ್ಲಿಂಗ್ಟನ್. ಟರ್ನರ್ ಅವರ ತಂದೆ, ಅಜ್ಜ ಇಬ್ಬರೂ ಆ ಕಡೆಯ ಗಣಿ ಕೆಲಸದವರು. ಗಣಿಯೊಳಗೆ ಗಾಡಿ ಎಳೆಯುವ ಕುದುರೆಗಳಿರುತ್ತಿದ್ದವು, ಕುದುರೆಯ ಮೇವಿನ ಕಾಳಿಗೆ ಹೆಗ್ಗಣ ಬರುತ್ತಿದ್ದವು, ಹೆಗ್ಗಣಕ್ಕೆ ಈ ನಾಯಿ. ಮೊಳೆ ಬಡಿಯುವ ಕಮ್ಮಾರರೂ ಇದನ್ನೇ ಸಾಕುತ್ತಿದ್ದರಂತೆ. ಗಾಡಿ ಕಟ್ಟಿಕೊಂಡು ಊರೂರು ಅಲೆಯುವ ಜಿಪ್ಸಿ ಜನ ಇದನ್ನು ಛೂ ಬಿಟ್ಟು ಜಮೀನುದಾರರ ಕಾಡಿನಿಂದ ಮೊಲ ಕದಿಯುತ್ತಿದ್ದರಂತೆ. ಹಾಗಾಗಿ ಇದಕ್ಕೆ ಜಿಪ್ಸಿ ನಾಯಿ ಎಂಬ ಹೆಸರೂ ಇತ್ತು. ಬಿಲದೊಳಗೆ ನುಗ್ಗಿ ಹಿಡಿಯುವುದು ಟೆರಿಯರ್‌ಗಳ ಕೆಲಸ. ಇದಕ್ಕೆ ಬಿಲವೂ ಗೊತ್ತು, ಬಯಲಿನ ಓಟವೂ ಗೊತ್ತು. ಹಿಂದೆ ಯಾವಾಗಲೋ ಓಡುವ ನಾಯಿಯ ರಕ್ತ ಬೆರೆಸಿದ್ದಾರೆ ಎಂದು ಅವರ ಅಂದಾಜು. ನೀರುನಾಯಿ, ಬಿಲ ತೋಡುವ ಬ್ಯಾಜರ್ ಯಾವುದಕ್ಕೂ ಹೆದರಿದ್ದಲ್ಲ. ವಾರವಿಡೀ ಗಣಿಯ ಹೆಗ್ಗಣ, ರಜೆಯ ದಿನ ಓಟದ ಪಂದ್ಯ, ಸಂಜೆ ಮನೆಯ ಮಕ್ಕಳ ಜೊತೆ ಬೆಂಕಿಯ ಮುಂದೆ. ಆಮೇಲೆ ಶ್ರೀಮಂತರ ಕಣ್ಣು ಇದರ ಮೇಲೆ ಬಿತ್ತು. ಜುಟ್ಟು ಬಾಚಿ, ಉಣ್ಣೆ ಕತ್ತರಿಸಿ, ಕುರಿಮರಿಯ ಆಕಾರ ಕೊಟ್ಟು ಪ್ರದರ್ಶನಕ್ಕೆ ನಿಲ್ಲಿಸಿದರು.

"ಅಲ್ಲಿಗೆ ಇವರ ಕೆಲಸ ಹೋಯಿತು," ಎನ್ನುತ್ತಿದ್ದರು ಟರ್ನರ್. "ಈ ಜಾತಿಯಲ್ಲಿ ಈಗ ಹೆಚ್ಚಿನವು ಸೋಫಾದ ಮೇಲಿವೆ. ಬೆಸ್ಸಿ ಇನ್ನೂ ದುಡಿದು ತಿನ್ನುವವಳು."

ಆಹಾರದ ಗೋದಾಮಿನಲ್ಲಿ ಪಾಷಾಣ ಇಡುವುದು ಅಪಾಯ. ವಿಷ ತಿಂದ ಹೆಗ್ಗಣ ಎಲ್ಲಿ ಹೋಗಿ ಸಾಯುತ್ತದೆ, ಯಾವ ಹಿಟ್ಟಿನ ಚೀಲದೊಳಗೆ ಕೊಳೆಯುತ್ತದೆ, ಯಾರಿಗೆ ಗೊತ್ತು? ಹಾಗಾಗಿ ನಮ್ಮಲ್ಲಿ ವಿಷ ಗೋಡೆಯ ಹೊರಗೆ, ಬೆಸ್ಸಿ ಒಳಗೆ. ಕೆಲಸದ ಕ್ರಮ ಹೀಗೆ. ಮೊದಲು ಗೋಡೆಯ ತೂತುಗಳನ್ನು ಮುಚ್ಚುವುದು. ಆಮೇಲೆ ಚೀಲದ ಅಟ್ಟಿಯನ್ನು ಮೇಲಿನಿಂದ ಒಂದೊಂದೇ ಇಳಿಸುವುದು. ಕೊನೆಯ ಎರಡು ಸಾಲು ಉಳಿದಾಗ ಎಲ್ಲರೂ ಕೈ ಕಟ್ಟಿ ನಿಲ್ಲುವುದು. ಕೋಲು ಬೀಸಬಾರದು, ಬೀಸಿದರೆ ನಾಯಿಗೇ ತಗಲುತ್ತದೆ. ಬೆಸ್ಸಿ ತಲೆ ಓರೆ ಮಾಡಿ ನಿಲ್ಲುತ್ತಿದ್ದಳು. ಕೆಳಗಿನ ಚೀಲ ಎತ್ತಿದ್ದೇ ತಡ, ಕುರಿಮರಿ ಹೋಗಿ ಇನ್ನೊಂದೇ ಆಗಿಬಿಡುತ್ತಿತ್ತು. ಹಿಡಿದು ಒಂದು ಕೊಡವು ಅಷ್ಟೆ, ಮುಂದಿನದಕ್ಕೆ. ನೆಕ್ಕುವುದಿಲ್ಲ, ಆಡುವುದಿಲ್ಲ, ತಿನ್ನುವುದಿಲ್ಲ.

ಶುರುವಿನಲ್ಲಿ ನಾನು "ಹಿಡಿ, ಹಿಡಿ, ಆಚೆ ಉಂಟು ನೋಡು!" ಎಂದು ಕುಣಿಯುತ್ತಿದ್ದೆ. ಒಂದು ದಿನ ಹಾಗೆ ಕೂಗಿದ್ದಕ್ಕೆ ಅವಳು ತಿರುಗಿ ನನ್ನನ್ನು ನೋಡಿದಳು. ಅಷ್ಟರಲ್ಲಿ ನಾಲ್ಕು ಹೆಗ್ಗಣ ಬಾಗಿಲು ದಾಟಿದವು. ಟರ್ನರ್ ಬೈಯಲಿಲ್ಲ. "ಅವಳ ಕೆಲಸ ನಿನಗೆ ಅವಳಿಗಿಂತ ಚೆನ್ನಾಗಿ ಗೊತ್ತಿದ್ದರೆ ನೀನೇ ಬಾಯಲ್ಲಿ ಹಿಡಿ," ಎಂದರು. ಅಂದಿನಿಂದ ನಾನು ಕೆಲಸದ ಹೊತ್ತಿಗೆ ಬಾಯಿ ಬಿಟ್ಟದ್ದಿಲ್ಲ.

ಕೆಲಸ ಮುಗಿದ ಮೇಲೆ ಅವಳ ಬಾಯಿ ತೊಳೆದು, ಮೈಯೆಲ್ಲ ಬೆರಳಾಡಿಸಿ ಕಚ್ಚಿದ ಗಾಯ ಹುಡುಕಬೇಕು. ಉಣ್ಣೆ ಉದುರುವುದಿಲ್ಲ, ಬೆಳೆಯುತ್ತಲೇ ಇರುತ್ತದೆ. ಆರು ವಾರಕ್ಕೊಮ್ಮೆ ಕತ್ತರಿ ಹಾಕಬೇಕು. ಕೊನೆಗೆ ಡೈರಿ. ಟರ್ನರ್ ಒಂದು ಗೀಟು ಹಾಕಿದ ಉದ್ದ ಪುಸ್ತಕ ಕೊಟ್ಟಿದ್ದರು. ದಿನವೂ ಅದರಲ್ಲಿ ಎಷ್ಟು ಹೆಗ್ಗಣ, ಯಾವ ಅಟ್ಟಿಯಲ್ಲಿ, ಬೆಸ್ಸಿ ಏನು ತಿಂದಳು, ಎಷ್ಟು ನೀರು ಕುಡಿದಳು, ಮಲಮೂತ್ರದ ಬಣ್ಣ ಏನು, ಎಲ್ಲವನ್ನೂ ಇಂಗ್ಲಿಷಿನಲ್ಲಿ ಬರೆಯಬೇಕು. ಶಾಲೆಯಲ್ಲಿ ಬರೆಯದಷ್ಟು ಇಂಗ್ಲಿಷನ್ನು ನಾನು ನಾಯಿಯ ಮೂತ್ರದ ಬಗ್ಗೆ ಬರೆದಿದ್ದೇನೆ.

ಸಾವಿರದ ಒಂಬೈನೂರ ತೊಂಬತ್ತರ ಜುಲೈಯಲ್ಲಿ ಟರ್ನರ್ ರಜೆಗೆ ಊರಿಗೆ ಹೋದರು. ಸೆಪ್ಟೆಂಬರಿಗೆ ಬರುವವರು. ಹೋಗುವ ಮೊದಲು ನಾಲ್ಕು ಪುಟ ಬರೆದು ಕೊಟ್ಟರು. ಚಾಕೊಲೇಟ್ ಕೊಡಬೇಡ, ಈರುಳ್ಳಿ ಕೊಡಬೇಡ, ಬೇಯಿಸಿದ ಮೂಳೆ ಬೇಡ, ಹತ್ತು ಗಂಟೆಯ ಮೇಲೆ ಬಿಸಿಲಿಗೆ ಬಿಡಬೇಡ. ಬಾಗಿಲಲ್ಲಿ ನಿಂತು, "ನಾನು ಬರುವವರೆಗೆ ಇವಳು ನಿನ್ನವಳು," ಎಂದರು. ನಾನು "ಯೆಸ್ ಸರ್" ಎಂದೆ. ಆಗಸ್ಟ್ ಎರಡಕ್ಕೆ ಇರಾಕಿನ ಸೈನ್ಯ ಬಂತು.

ಆ ದಿನಗಳ ಕತೆ ಎಲ್ಲರಿಗೂ ಗೊತ್ತಿರುವುದೇ. ಕಫೀಲ ಕುಟುಂಬ ಕಟ್ಟಿಕೊಂಡು ಸೌದಿಗೆ ಹೋದ. ಗೋದಾಮಿಗೆ ಲಾರಿಗಳು ಬಂದು ಚೀಲಗಳನ್ನು ತುಂಬಿಸಿಕೊಂಡು ಹೋದವು. ನಾನು ಬೆಸ್ಸಿಯನ್ನೂ ನನ್ನ ಪೆಟ್ಟಿಗೆಯನ್ನೂ ಒಂದು ಪಿಕಪ್ಪಿನಲ್ಲಿ ಹಾಕಿಕೊಂಡು ಪೇಟೆಯ ಕಡೆಯ ಮೈದಾನ್ ಹವಲ್ಲಿ ಬಡಾವಣೆಗೆ ಹೊರಟೆ. ಅಲ್ಲಿ ನಮ್ಮೂರ ಕಡೆಯ ಭಾಸ್ಕರಣ್ಣ ಇದ್ದರು. ಹೋಟೆಲಿನಲ್ಲಿ ಅಡುಗೆಯವರು, ನನಗಿಂತ ಹತ್ತು ವರ್ಷ ದೊಡ್ಡವರು.

ದಾರಿಯಲ್ಲಿ ಚೆಕ್‌ಪೋಸ್ಟ್. ಒಬ್ಬ ಸೈನಿಕ ಇಣುಕಿ ನೋಡಿ, "ಖರೂಫ್!" ಎಂದು ಸಂತೋಷದಿಂದ ಕೂಗಿದ. ಕುರಿ ಎಂದು ಅರ್ಥ. ನಾನು ಕ್ಯಾಬೇಜು ತಂದವ, ಅವನನ್ನು ಹೇಗೆ ದೂರಲಿ? ಇನ್ನೊಬ್ಬ ಬಂದ, ಹಗ್ಗಕ್ಕೆ ಕೈ ಹಾಕಿದ. ನನಗೆ ಬಂದ ಅರಬ್ಬಿಯೆಲ್ಲ ಮರೆತುಹೋಯಿತು. ಕೊನೆಗೆ ಬೆಸ್ಸಿಯ ಮೇಲ್ದುಟಿಯನ್ನು ಬೆರಳಿನಿಂದ ಎತ್ತಿ ತೋರಿಸಿದೆ. ಆ ಕೋರೆಹಲ್ಲು ನೋಡಿ ಇಬ್ಬರೂ ಎರಡು ಹೆಜ್ಜೆ ಹಿಂದೆ ಹಾರಿದರು. "ಕಲ್ಬ್, ಕಲ್ಬ್!" ಎಂದು ನಗುತ್ತಾ, ನಾಯಿಗೆ ಇಂಥ ವೇಷ ಹಾಕಿದ ನನ್ನನ್ನು ಹುಚ್ಚನೆಂದು ಲೆಕ್ಕ ಹಾಕಿ, "ಯಲ್ಲಾ, ಯಲ್ಲಾ" ಎಂದು ಓಡಿಸಿದರು. ಬೆಸ್ಸಿ ಆಕಳಿಸಿದಳು.

ಭಾಸ್ಕರಣ್ಣ ಬಾಗಿಲು ತೆರೆದವರು ನನ್ನನ್ನು ನೋಡುವ ಮೊದಲು ಅವಳನ್ನು ನೋಡಿದರು.

"ಇದೆಂತ ಮಾರಾಯ, ಜೀವ ಉಳಿಸಿಕೊಂಡು ಬಾ ಅಂದ್ರೆ ಕುರಿ ಹಿಡಿದುಕೊಂಡು ಬಂದಿದ್ದಿ?"

"ನಾಯಿ ಭಾಸ್ಕರಣ್ಣ."

"ನಾಯಿಯಾ! ಹಾಗಾದ್ರೆ ಇನ್ನೂ ಚಂದ. ಕುರಿಯಾದ್ರೆ ಒಂದು ವಾರಕ್ಕಾದ್ರೂ ಆಗ್ತಿತ್ತು."

ಊರಿಗೆ ಮರಳುವ ದಾರಿ ಹೀಗೆ: ಬಸ್ಸಿನಲ್ಲಿ ಬಸ್ರಾಕ್ಕೆ, ಅಲ್ಲಿಂದ ಬಾಗ್ದಾದ್, ಅಮ್ಮಾನ್, ಮುಂಬಯಿ. ನಮ್ಮವರು ಗುಂಪು ಗುಂಪಾಗಿ ಹೋಗುತ್ತಿದ್ದರು. ನನಗೂ ಜಾಗ ಸಿಗುತ್ತಿತ್ತು. ಆದರೆ ಬಸ್ಸಿನಲ್ಲಿ, ಮರುಭೂಮಿಯ ಟೆಂಟಿನಲ್ಲಿ ನಾಯಿಗೆಲ್ಲಿ ಜಾಗ? ನಾಳೆ ಹೋಗುವ, ಮುಂದಿನ ವಾರ ಹೋಗುವ ಎಂದು ಮುಂದೆ ಹಾಕಿದೆ. ಭಾಸ್ಕರಣ್ಣ ಕೇಳಿದರೆ, "ಪಾಸ್‌ಪೋರ್ಟ್ ಕಫೀಲನ ಕಪಾಟಿನಲ್ಲಿ ಉಂಟಲ್ಲ" ಎನ್ನುತ್ತಿದ್ದೆ. ಅದು ನೆಪ ಎಂದು ಅವರಿಗೂ ಗೊತ್ತಿತ್ತು. ಅವರದ್ದೂ ಏನೋ ಒಂದು ನೆಪ ಇತ್ತು, ಅವರೂ ಉಳಿದರು.

ಆ ಕಟ್ಟಡದಲ್ಲಿ ಉಳಿದದ್ದು ಹನ್ನೊಂದು ಮನೆ. ಎಲ್ಲರೂ ಸೇರಿ ಕೈಲಾದಷ್ಟು ಅಕ್ಕಿ, ಬೇಳೆ, ಹಿಟ್ಟು ಕೂಡಿಸಿ ನೆಲಮಾಳಿಗೆಯ ಒಂದು ಕೋಣೆಯಲ್ಲಿ ಇಟ್ಟರು. ಬೀಗದ ಕೈ ಭಾಸ್ಕರಣ್ಣನ ಹತ್ತಿರ. ಎಷ್ಟು ತಿಂಗಳು ಅದರಲ್ಲಿ ಕಳೆಯಬೇಕೋ ಯಾರಿಗೂ ಗೊತ್ತಿಲ್ಲ. ಬೆಸ್ಸಿಯನ್ನು ಅಲ್ಲಿ ಬಿಡುತ್ತೇನೆ ಎಂದಾಗ ಯಾರೂ ಒಪ್ಪಲಿಲ್ಲ. ಭಾಸ್ಕರಣ್ಣ, "ತಿನ್ನುವ ಅಕ್ಕಿಯ ಮೇಲೆ ನಾಯಿ ಹತ್ತಿಸುದಾ?" ಎಂದರು. ಎರಡನೇ ಮಾಳಿಗೆಯಲ್ಲಿ ಮಂಗಳೂರು ಬಂದರಿನ ಕಡೆಯ ಬ್ಯಾರಿ ಹೆಂಗಸು ಐಸಮ್ಮ, ಟೈಲರ್ ಮಗನ ಜೊತೆ ಇದ್ದರು, ಅರುವತ್ತು ದಾಟಿದವರು. ಅವರ ತಕರಾರು ಎಲ್ಲರಿಗಿಂತ ಗಟ್ಟಿ. "ಜಯರಾಮಾ, ನೀನು ಒಳ್ಳೆಯವ. ಆದ್ರೆ ಅದರ ಜೊಲ್ಲು ಬಿದ್ದ ಅಕ್ಕಿ ತಿಂದು ನಾನು ನಮಾಜು ಮಾಡುದು ಹೇಗೆ ಹೇಳು?"

ಅವರು ಹೇಳಿದ್ದು ನ್ಯಾಯವೇ. ನಾನು ವಾದ ಮಾಡಲಿಲ್ಲ. ಕಸ ಎತ್ತುವವರೂ ಊರು ಬಿಟ್ಟಿದ್ದರು. ಬೀದಿಯಲ್ಲಿ ಕಸದ ಗುಡ್ಡ ಏಳುತ್ತಿತ್ತು. ಹತ್ತೇ ದಿನದಲ್ಲಿ ಭಾಸ್ಕರಣ್ಣ ಕೋಣೆಯ ಬಾಗಿಲು ತೆರೆದಾಗ ಎರಡು ಚೀಲಗಳ ತಳ ಹರಿದು ಅಕ್ಕಿ ನೆಲದ ಮೇಲೆ ಹಾಸಿತ್ತು, ಅದರ ಮೇಲೆ ಕರಿ ಹಿಕ್ಕೆ. ಅವರು ಮೇಲೆ ಬಂದು ಬೀಗದ ಕೈ ನನ್ನ ಮುಂದಿಟ್ಟರು.

ನಾನು ಒಂದು ದಾರಿ ಹುಡುಕಿದೆ. ಚೀಲಗಳನ್ನೆಲ್ಲ ಹಳೆಯ ಮಂಚಗಳ ಮೇಲೆ ಎತ್ತಿ, ಮೇಲೆ ಪ್ಲಾಸ್ಟಿಕ್ ಹೊದೆಸಿ, ಮಂಚದ ಕೆಳಗೆ ಮಾತ್ರ ಬೆಸ್ಸಿ ಓಡಾಡುವಂತೆ ಹಲಗೆ ಅಡ್ಡ ಕಟ್ಟಿದೆ. ಐಸಮ್ಮ ಮೆಟ್ಟಿಲಲ್ಲಿ ನಿಂತು ಎಲ್ಲವನ್ನೂ ನೋಡಿ, "ಕೆಳಗೆ ಅದರ ರಾಜ್ಯ, ಮೇಲೆ ನಮ್ಮದು. ಆಯ್ತು," ಎಂದರು. ಮೊದಲ ವಾರ ಬೆಸ್ಸಿ ಹಿಡಿದ ಹೆಗ್ಗಣಗಳನ್ನು ಬಕೆಟ್ಟಿನಲ್ಲಿ ಹೊತ್ತು ಹಾಕಬೇಕಾಯಿತು. ಆಮೇಲೆ ಒಂದು ಕಾಳೂ ಪೋಲಾಗಲಿಲ್ಲ. ಈ ಕಸುಬಿನಲ್ಲಿ ಹಿಡಿದ ಲೆಕ್ಕ ದೊಡ್ಡದಲ್ಲ. ಹಿಡಿಯಲು ಏನೂ ಇಲ್ಲದ ದಿನವೇ ಒಳ್ಳೆಯ ದಿನ.

ಹನ್ನೊಂದು ಮನೆಗೂ ಅವಳು ಬೇಕಾದವಳಾದಳು. ಕಷ್ಟ ಬಂದದ್ದೇ ಅಲ್ಲಿಂದ. ಭಾಸ್ಕರಣ್ಣ ಸಿಕ್ಕಿದಾಗೆಲ್ಲ ಕಸಾಯಿಯವನಿಂದ ಕುರಿಯ ಲಿವರ್ ತಂದು ಅರ್ಧ ಬೇಯಿಸಿ ಹಾಕುತ್ತಿದ್ದರು. "ದುಡಿಯುವ ಜೀವ, ತಿನ್ನಲಿ," ಎನ್ನುತ್ತಿದ್ದರು. ಇನ್ನು ನನ್ನದು. ನಲ್ಲಿಯಲ್ಲಿ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬಾತ್‌ಟಬ್ಬಿನಲ್ಲಿ, ಡಬ್ಬಗಳಲ್ಲಿ ತುಂಬಿಸಿಟ್ಟ ನೀರನ್ನು ಅವಳಿಗೆ ಹೇಗೆ ಕೊಡಲಿ? ನನ್ನ ಪೆಟ್ಟಿಗೆಯಲ್ಲಿ ಒಂದು ಸಣ್ಣ ತಾಮ್ರದ ಕೊಡಪಾನ ಇತ್ತು. ಊರಿಂದ ಹೊರಡುವಾಗ ಅಮ್ಮ, "ಮರಳುಗಾಡಿನ ನೀರು, ರಾತ್ರಿ ಇದರಲ್ಲಿಟ್ಟು ಬೆಳಿಗ್ಗೆ ಕುಡಿ, ಹೊಟ್ಟೆಗೆ ಒಳ್ಳೆಯದು," ಎಂದು ಬಟ್ಟೆಯಲ್ಲಿ ಸುತ್ತಿ ಕೊಟ್ಟದ್ದು. ನಾನು ಕುಡಿಯುವುದನ್ನು ಬಿಟ್ಟು ಆ ನೀರನ್ನು ಬೆಸ್ಸಿಗೆ ಮೀಸಲಿಟ್ಟೆ. ಕೊಡಪಾನವನ್ನು ಹುಣಸೆಹುಳಿ ಹಾಕಿ ತಿಕ್ಕಿ ಬೆಳಗುತ್ತಿದ್ದೆ. ಮಜ್ಜಿಗೆ, ಹುಳಿ ಯಾವುದನ್ನೂ ತಾಮ್ರದಲ್ಲಿ ಇಡಬಾರದು ಎಂದು ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ತಾಮ್ರದ ನೀರೇ ಆಗದ ಒಂದು ಜಾತಿಯ ಜೀವ ಲೋಕದಲ್ಲಿದೆ ಎಂದು ನನಗೆ ಯಾರು ಹೇಳಬೇಕು? ಡೈರಿಯಲ್ಲಿ ಹೆಮ್ಮೆಯಿಂದ ದಿನಾ ಬರೆದೆ: ನೀರು, ತಾಮ್ರದ ಕೊಡದಿಂದ, ಎರಡು ಬಟ್ಟಲು.

ಚಳಿ ಶುರುವಾಗುವಾಗ ಬೆಸ್ಸಿ ಊಟ ಬಿಟ್ಟಳು. ಮೊದಲು ಅರ್ಧ, ಆಮೇಲೆ ಏನೂ ಇಲ್ಲ. ತಿಂದದ್ದನ್ನು ಕಕ್ಕಿದಳು. ಹಲಗೆಯ ಆಚೆ ಹೆಗ್ಗಣ ಓಡಿದರೂ ಕಿವಿ ಮಾತ್ರ ಎತ್ತಿದಳು, ಮೈ ಏಳಲಿಲ್ಲ. ಒಂದು ಬೆಳಿಗ್ಗೆ ಬಾಯಿ ತೊಳೆಯುವಾಗ ಒಸಡು ಅರಸಿನದ ಬಣ್ಣ, ಮೂತ್ರ ಕಡುಚಹಾದ ಹಾಗೆ.

"ಕಾಮಾಲೆ," ಎಂದರು ಭಾಸ್ಕರಣ್ಣ. "ಊರಲ್ಲಾದ್ರೆ ನೆಲನೆಲ್ಲಿ ಅರೆದು ಕೊಡ್ಬಹುದಿತ್ತು. ಇಲ್ಲಿ ಎಂತ ಮಾಡುದು?"

ನಾನು ಮಾಡಿದ್ದು ಇದು. ಲಿವರಿಗೆ ತಾಮ್ರದ ನೀರು ಒಳ್ಳೆಯದು ಎಂದು ಎಲ್ಲೋ ಕೇಳಿದ್ದೆ. ದಿನಕ್ಕೆ ಎರಡು ಬಟ್ಟಲಿದ್ದದ್ದನ್ನು ನಾಲ್ಕು ಮಾಡಿದೆ. ಕುಡಿಯದಿದ್ದರೆ ಚಮಚದಲ್ಲಿ ಹುಯ್ದೆ. ಭಾಸ್ಕರಣ್ಣ ಲಿವರಿನ ಸಾರು ಮಾಡಿ ಕೊಟ್ಟರು, ಅದನ್ನೂ ಹುಯ್ದೆ. ಮೂರು ದಿನ ಇಬ್ಬರೂ ಸೇರಿ ಆ ಬಡಪಾಯಿಗೆ ಹೀಗೆ ಔಷಧಿ ಮಾಡಿದೆವು. ಮೂರನೆಯ ದಿನ ಅವಳಿಗೆ ಎದ್ದು ನಿಲ್ಲಲಿಕ್ಕಾಗಲಿಲ್ಲ. ಕೋಣೆಯಲ್ಲಿ ಮತ್ತೆ ಹಿಕ್ಕೆ ಕಾಣಿಸಿತು. ಹಗಲೆಲ್ಲ ನಾನೇ ಕೋಲು ಹಿಡಿದು ಅಕ್ಕಿ ಕಾದೆ. ಕೂತಲ್ಲಿಂದ ಟರ್ನರ್ ಅವರಿಗೆ ಏನು ಹೇಳುವುದೆಂದು ಮನಸ್ಸಿನಲ್ಲೇ ಪತ್ರ ಬರೆಯುತ್ತಿದ್ದೆ. ಯಾವ ಪತ್ರವೂ ಎರಡನೆಯ ವಾಕ್ಯಕ್ಕೆ ಹೋಗುತ್ತಿರಲಿಲ್ಲ.

ದನದ ಫಾರಮ್ಮಿಗೆ ಹೋಗುತ್ತಿದ್ದ ಒಬ್ಬರು ಪ್ಯಾಲೆಸ್ತೀನಿ ಪಶುವೈದ್ಯರು ಎರಡು ಬೀದಿ ಆಚೆ ಇದ್ದಾರೆ ಎಂದು ಐಸಮ್ಮನ ಮಗ ಹೇಳಿದ. ಡಾಕ್ಟರ್ ನಬೀಲ್. ಕ್ಲಿನಿಕ್ ಮುಚ್ಚಿ ಮನೆಯಲ್ಲೇ ಇದ್ದರು. ಬೆಸ್ಸಿಯನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಡೈರಿಯನ್ನು ಬಗಲಲ್ಲಿ ಇಟ್ಟುಕೊಂಡು ಹೋದೆ. ಹೊತ್ತುಕೊಂಡಾಗ ಉಣ್ಣೆಯೇ ಸಿಕ್ಕಿತು, ನಾಯಿ ಸಿಗಲಿಲ್ಲ, ಅಷ್ಟು ಇಳಿದಿದ್ದಳು.

ಅವರು ಒಸಡು ನೋಡಿದರು, ಹೊಟ್ಟೆ ಒತ್ತಿದರು. "ಹೆಗ್ಗಣದಿಂದ ಬರುವ ಜ್ವರ ಇರಬೇಕು. ಅದಕ್ಕೂ ಕಾಮಾಲೆ ಬರುತ್ತದೆ. ಲಸಿಕೆ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಹಾಕಿದ್ದಾರೆ. ಪುಸ್ತಕದಲ್ಲಿ ಉಂಟು, ಡಾಕ್ಟ್ರೇ."

ಪುಸ್ತಕ ತೆಗೆದುಕೊಂಡರು. ಲಸಿಕೆಯ ಪುಟ ನೋಡಿದ ಮೇಲೂ ಕೆಳಗಿಡಲಿಲ್ಲ. ಹಾಳೆ ಹಾಳೆ ತಿರುಗಿಸಿದರು. ನಾನು ಸುಮ್ಮನಿರಲಾರದೆ, "ನೀರೆಲ್ಲ ಒಳ್ಳೆಯದೇ ಕೊಟ್ಟಿದ್ದೇನೆ," ಎಂದೆ.

ಅವರ ಬೆರಳು ಒಂದು ಸಾಲಿನ ಮೇಲೆ ನಿಂತಿತು. "ಇದು ಯಾವ ಜಾತಿಯ ನಾಯಿ?"

"ಬೆಡ್ಲಿಂಗ್ಟನ್."

"ತಾಮ್ರದ ಕೊಡ ಅಂದರೆ ನಿಜವಾಗಿ ತಾಮ್ರದ್ದಾ? ಅಥವಾ ಆ ಬಣ್ಣದ್ದಾ?"

"ಶುದ್ಧ ತಾಮ್ರ. ನಮ್ಮ ಅಮ್ಮ ಕೊಟ್ಟದ್ದು."

ಅವರು ಪುಸ್ತಕ ಮುಚ್ಚಿ ಕನ್ನಡಕ ತೆಗೆದರು. ಬೈಯುತ್ತಾರೆ ಎಂದುಕೊಂಡೆ. ಮೆಲ್ಲಗೆ ವಿವರಿಸಿದರು. ಎಲ್ಲ ಜೀವಕ್ಕೂ ಚೂರು ತಾಮ್ರ ಬೇಕು, ಹೆಚ್ಚಾದದ್ದನ್ನು ಲಿವರ್ ಹೊರಗೆ ಹಾಕುತ್ತದೆ. ಈ ಒಂದು ಜಾತಿಯಲ್ಲಿ ಎಷ್ಟೋ ನಾಯಿಗಳಿಗೆ ಹುಟ್ಟಿನಿಂದಲೇ ಅದು ಆಗುವುದಿಲ್ಲ. ಒಳಗೆ ಹೋದದ್ದು ಲಿವರಿನಲ್ಲೇ ಕೂರುತ್ತದೆ, ವರ್ಷ ವರ್ಷ ಸೇರಿ ಒಂದು ದಿನ ಲಿವರನ್ನೇ ತಿನ್ನುತ್ತದೆ. ಕಾಲೇಜಿನಲ್ಲಿ ಓದಿದ್ದರಂತೆ, ಕಣ್ಣಿಂದ ನೋಡುವುದು ಇದೇ ಮೊದಲು. ಕುರಿಯ ಲಿವರಿನಲ್ಲೂ ತಾಮ್ರ ತುಂಬಿರುತ್ತದೆ ಎಂದೂ ಹೇಳಿದರು.

"ನಾನು ವಿಷ ಕೊಟ್ಟೆನಾ?" ಎಂದು ಕೇಳಿದೆ.

"ರೋಗ ಅವಳ ಹುಟ್ಟಿನಲ್ಲಿತ್ತು. ನೀನು ಅದಕ್ಕೆ ವೇಗ ಕೊಟ್ಟೆ." ಆಮೇಲೆ ನನ್ನ ಮುಖ ನೋಡಿ, "ಆದರೆ ಬರೆದಿಟ್ಟೆ. ಬರೆಯದಿದ್ದರೆ ನಾನು ಇನ್ನೊಂದು ರೋಗಕ್ಕೆ ಮದ್ದು ಕೊಡುತ್ತಿದ್ದೆ," ಎಂದರು.

ಪಥ್ಯ ಹೇಳಿದರು: ಲಿವರ್ ಇಲ್ಲ, ತಾಮ್ರ ಇಲ್ಲ. ಗಂಜಿ, ಮೊಸರು, ಸಿಕ್ಕಿದರೆ ಮೊಟ್ಟೆ. ತಾಮ್ರವನ್ನು ಎಳೆದು ಮೂತ್ರದಲ್ಲಿ ಹೊರಗೆ ಹಾಕುವ ಒಂದು ಗುಳಿಗೆ ಇದೆ, ಅದು ಬೇಕು. ಅದು ನಾಯಿಯ ಔಷಧಿ ಅಲ್ಲ, ಮನುಷ್ಯರಿಗೆ ಗಂಟುನೋವಿಗೂ ಕೊಡುತ್ತಾರೆ. ಹೆಸರನ್ನು ಚೀಟಿಯಲ್ಲಿ ಬರೆದು ಕೊಟ್ಟರು. ತೆರೆದಿದ್ದ ಎರಡು ಔಷಧಿ ಅಂಗಡಿಗಳಲ್ಲಿ ಕಪಾಟುಗಳೇ ಖಾಲಿ. ಎರಡನೆಯ ಅಂಗಡಿಯವನು, "ಜ್ವರದ ಗುಳಿಗೆಯೇ ಇಲ್ಲ, ಭಾಯಿ, ಇದನ್ನು ಕೇಳ್ತೀಯಲ್ಲ," ಎಂದು ಕೈ ಚೆಲ್ಲಿದ.

ಕಟ್ಟಡಕ್ಕೆ ಬಂದು ಮೆಟ್ಟಿಲ ಮೇಲೆ ಕೂತೆ. ಐಸಮ್ಮ ಕೈಯಲ್ಲಿ ಜಪಮಣಿ ಹಿಡಿದು ನಿಧಾನ ಇಳಿದು ಬಂದರು. ಅವರ ಬೆರಳ ಗಂಟುಗಳು ಊದಿ ಸೊಟ್ಟಗಿದ್ದದ್ದನ್ನು ನಾನು ಎಷ್ಟೋ ಸಲ ನೋಡಿದ್ದೆ, ಆದರೆ ಆ ಹೊತ್ತಿಗೆ ತಲೆಗೆ ಹೋಗಲಿಲ್ಲ. "ಎಂತ ಹೇಳಿದ್ರು ಡಾಕ್ಟ್ರು?" ಎಂದರು. ಹೇಳಿದೆ. ಚೀಟಿ ತೋರಿಸಿದೆ. ಅವರಿಗೆ ಇಂಗ್ಲಿಷ್ ಬಾರದು, ಮಗನನ್ನು ಕೂಗಿದರು. ಅವನು ಚೀಟಿ ಓದಿ, ತಾಯಿಯ ಮುಖ ನೋಡಿ, "ಉಮ್ಮ, ಇದು ನಿಮ್ಮದೇ," ಎಂದ.

ಕಪಾಟಿನಲ್ಲಿ ಎರಡು ಬಾಟ್ಲಿ ಹಾಗೇ ಇತ್ತು. ಆಸ್ಪತ್ರೆಯವರು ಬೇಸಿಗೆಯಲ್ಲೇ ಅವರಿಗೆ ಆ ಮದ್ದು ನಿಲ್ಲಿಸಿ ಬೇರೆ ಕೊಟ್ಟಿದ್ದರು.

"ಅದನ್ನು ತಿಂದ್ರೆ ನಾಲಿಗೆಗೆ ರುಚಿಯೇ ಇಲ್ಲ ಮಾರಾಯ. ಮೀನಿನ ಸಾರೂ ಒಂದೇ, ಬಿಸಿನೀರೂ ಒಂದೇ. ತೆಗೆದುಕೊಂಡು ಹೋಗು."

"ನಾಯಿಗೆ ಐಸಮ್ಮ."

"ನಾಯಿಗೆ ಅಂತ ಗೊತ್ತುಂಟು. ನನಗೆ ಅದನ್ನು ಮುಟ್ಟಲಿಕ್ಕೆ ಆಗುದಿಲ್ಲ. ಮದ್ದು ಕೊಡ್ಲಿಕ್ಕೆ ಎಂತ ಅಡ್ಡಿ? ನಮ್ಮೆಲ್ಲರ ಅಕ್ಕಿ ಕಾದದ್ದಲ್ವಾ?"

ಡಾಕ್ಟರ್ ನಬೀಲ್ ಬಾಟ್ಲಿಯ ಮೇಲಿನ ಅಳತೆ ನೋಡಿ ಎಷ್ಟೆಂದು ಹೇಳಿದರು. ಒಂದು ಗುಳಿಗೆಯ ಸಿಪ್ಪೆ ಬಿಡಿಸಿ, ಒಳಗಿನ ಪುಡಿಯನ್ನು ಕಾಗದದ ಮೇಲೆ ಸುರಿದು, ಬ್ಲೇಡಿನಿಂದ ಎರಡು ಪಾಲು ಮಾಡುತ್ತಿದ್ದೆ. ಬೆಳಿಗ್ಗೆ ಒಂದು, ಸಂಜೆ ಒಂದು, ಖಾಲಿ ಹೊಟ್ಟೆಗೆ. ಮೊದಲ ದಿನ ಕಕ್ಕಿದಳು. ಎರಡನೆಯ ದಿನವೂ. ಡಾಕ್ಟರು ಇನ್ನೂ ಸಣ್ಣ ಪಾಲು ಮಾಡಲು ಹೇಳಿದರು. ಮೂರನೆಯ ದಿನ ಒಳಗೆ ನಿಂತಿತು. ಭಾಸ್ಕರಣ್ಣ ದಿನಾ ಗಂಜಿ ಬೇಯಿಸಿ, ಆರಿಸಿ, ಸ್ಟೀಲ್ ಬಟ್ಟಲಿನಲ್ಲಿ ತರುತ್ತಿದ್ದರು. "ಲಿವರ್ ತಂದದ್ದು ನಾನಲ್ವಾ," ಎಂದು ಒಮ್ಮೆ ಹೇಳಿದರು. ಮತ್ತೆ ಆ ಮಾತು ಎತ್ತಲಿಲ್ಲ, ಗಂಜಿಯನ್ನು ಮಾತ್ರ ತಪ್ಪಿಸಲಿಲ್ಲ.

ಡೈರಿಯಲ್ಲಿ ಆ ವಾರಗಳ ಪುಟಗಳು ಹೀಗಿವೆ. ಚಮಚದಲ್ಲಿ ಆರು. ಚಮಚದಲ್ಲಿ ಒಂಬತ್ತು. ಮೂತ್ರ ಕಡುಚಹಾ. ಮೂತ್ರ ಹಾಲು ಹಾಕದ ತೆಳು ಚಹಾ. ಒಂದು ಬುಧವಾರ: ತಾನೇ ನೆಕ್ಕಿದಳು. ಅದರ ಮುಂದೆ ಮೂರು ಗೆರೆ ಎಳೆದಿದ್ದೇನೆ. ಮೂತ್ರ ಒಣಹುಲ್ಲಿನ ಬಣ್ಣಕ್ಕೆ ಬಂದ ದಿನ ಭಾಸ್ಕರಣ್ಣನನ್ನು ಕರೆದು ತೋರಿಸಿದೆ. "ಇದನ್ನು ನೋಡ್ಲಿಕ್ಕೆ ನನ್ನನ್ನು ಒಲೆಯ ಮುಂದಿನಿಂದ ಕರೆದದ್ದಾ?" ಎಂದು ಬೈದರು. ಬೈದು, ಬಗ್ಗಿ ಇನ್ನೊಮ್ಮೆ ನೋಡಿದರು.

ಜನವರಿಯಲ್ಲಿ ಬಾಂಬು ಬೀಳಲು ಶುರುವಾದಾಗ ಹನ್ನೊಂದು ಮನೆಯವರೂ ಆ ನೆಲಮಾಳಿಗೆಗೇ ಇಳಿದರು. ಅಕ್ಕಿಯ ಮಂಚ ಒಂದು ಕಡೆ, ನಾವು ಒಂದು ಕಡೆ, ನಡುವೆ ಹಲಗೆಯ ಆಚೆ ಬೆಸ್ಸಿ. ಅಷ್ಟು ಹೊತ್ತಿಗೆ ಅವಳು ಓಡಾಡುತ್ತಿದ್ದಳು. ಒಂದು ಮಧ್ಯಾಹ್ನ ದೂರದಲ್ಲೆಲ್ಲೋ ದೊಡ್ಡ ಸದ್ದಾಗಿ ಗೋಡೆ ನಡುಗಿತು. ಎಲ್ಲರೂ ತಲೆ ತಗ್ಗಿಸಿದೆವು. ಅದೇ ಸದ್ದಿಗೆ ಬೆದರಿ ಮೂಲೆಯಿಂದ ಒಂದು ಹೆಗ್ಗಣ ಹೊರಗೆ ಹಾರಿತು. ಬೆಸ್ಸಿ ಎದ್ದದ್ದು, ಹಿಡಿದದ್ದು, ಒಂದು ಕೊಡವಿದ್ದು, ಅಷ್ಟೂ ನಾವು ತಲೆ ಎತ್ತುವುದರೊಳಗೆ ಆಗಿತ್ತು. ಐಸಮ್ಮ "ಮಾಷಾ ಅಲ್ಲಾಹ್" ಎಂದರು. ಆ ನೆಲಮಾಳಿಗೆಯಲ್ಲಿ ಎಲ್ಲರೂ ಒಟ್ಟಿಗೆ ನಕ್ಕದ್ದು ಅದೊಂದೇ ಸಲ ಇರಬೇಕು.

ಫೆಬ್ರವರಿ ಕೊನೆಗೆ ಯುದ್ಧ ಮುಗಿಯಿತು. ಕೋಣೆಯಲ್ಲಿ ಇನ್ನೂ ಒಂದೂವರೆ ಚೀಲ ಅಕ್ಕಿ ಉಳಿದಿತ್ತು. ಎಣ್ಣೆಬಾವಿಗಳು ಉರಿಯುತ್ತಿದ್ದವು, ಮಧ್ಯಾಹ್ನವೂ ದೀಪ ಹಚ್ಚುವಷ್ಟು ಹೊಗೆ. ಬೆಸ್ಸಿಯ ಬೂದು ಉಣ್ಣೆ ಕರಿಯಾಯಿತು, ತೊಳೆದಷ್ಟೂ ಮಸಿ. ಡಾಕ್ಟರ್ ನಬೀಲ್ ಕುಟುಂಬದ ಜೊತೆ ಅಮ್ಮಾನಿಗೆ ಹೋದರೆಂದು ಆಮೇಲೆ ತಿಳಿಯಿತು. ಅವರ ಬಾಗಿಲಿಗೆ ಹೋಗಿ ಬಂದೆ, ಬೀಗ ಇತ್ತು. ಸರಿಯಾಗಿ ಒಂದು ಧನ್ಯವಾದ ಹೇಳಲಿಲ್ಲ ಎನ್ನುವ ಕೊರಗು ಇಂದಿಗೂ ಇದೆ.

ಆಮೇಲೆ ಈ ಕಸುಬು ಬಹಳ ಬದಲಾಯಿತು. ವಿಷ ಬೆರೆಸಿದ ಮೇಣದ ಬಿಲ್ಲೆ ಬಂತು, ಇಲಿ ಸಿಕ್ಕಿಕೊಳ್ಳುವ ಅಂಟಿನ ಹಲಗೆ ಬಂತು, ವಿಷ ಇಟ್ಟು ಬೀಗ ಹಾಕುವ ಪೆಟ್ಟಿಗೆ ಬಂತು. ಗೋದಾಮಿನಲ್ಲಿ ನಾಯಿ ಇಡಬಾರದು ಎಂದು ನಿಯಮವೂ ಬಂತು, ಅದು ಸರಿಯೇ. ಹೊಸಬರಿಗೆ ನಾನು ಹೇಳುವುದು ಎರಡು ಮಾತು. ನೀವು ಮಾಡಿದ್ದನ್ನು ಬರೆದಿಡಿ, ಒಳ್ಳೆಯದೆಂದು ಖಾತ್ರಿ ಇದ್ದದ್ದನ್ನು ಮೊದಲು ಬರೆದಿಡಿ. ತಪ್ಪೆಂದು ಗೊತ್ತಿದ್ದದ್ದನ್ನು ನಾವು ಹೇಗೂ ಮಾಡುವುದಿಲ್ಲ. ಇನ್ನೊಂದು, ವಶಕ್ಕೆ ಬಂದ ಜೀವ ಯಾವುದೇ ಇರಲಿ, ಅದರ ಕುಲ ಕೇಳಿ ತಿಳಿದುಕೊಳ್ಳಿ. ಎಲ್ಲಿಂದ ಬಂತು, ಯಾವ ಕೆಲಸ ಮಾಡುತ್ತಿತ್ತು ಎಂಬುದನ್ನೆಲ್ಲ ನಾನು ಕೇಳಿದ್ದೆ. ಯಾವುದರಿಂದ ಸಾಯುತ್ತದೆ ಎಂದು ಕೇಳಿರಲಿಲ್ಲ.

ಟರ್ನರ್ ಬೇಸಿಗೆಯ ಆರಂಭದಲ್ಲಿ ಬಂದರು, ಗೋದಾಮು ರಿಪೇರಿಯ ಕೆಲಸದ ಮೇಲೆ. ಕಟ್ಟಡ ಹುಡುಕಿಕೊಂಡು ಮೈದಾನ್ ಹವಲ್ಲಿಗೇ ಬಂದರು, ತೆಳ್ಳಗಾಗಿದ್ದರು. ಬಾಗಿಲಲ್ಲೇ ಬೆಸ್ಸಿ ಅವರ ಕಾಲಿನ ಸುತ್ತ ಮೂರು ಸುತ್ತು ಓಡಿ, ಅವರ ಷೂಗಳ ಮೇಲೆ ಮಲಗಿಬಿಟ್ಟಳು. ಅವರು ಅಲ್ಲಾಡಲಿಲ್ಲ. ನಾನು ನಿಂತೇ ಎಲ್ಲವನ್ನೂ ಹೇಳಿದೆ. ತಿಂಗಳುಗಟ್ಟಲೆ ಮನಸ್ಸಿನಲ್ಲಿ ಬರೆದ ಪತ್ರದ ಎರಡನೆಯ ವಾಕ್ಯ ಆಗ ಬಾಯಿಗೆ ಬಂತು. ತಾಮ್ರದ ನೀರು, ಲಿವರ್, ಮೂರು ದಿನ ಚಮಚದಲ್ಲಿ ಹುಯ್ದದ್ದು, ಏನೂ ಬಿಡಲಿಲ್ಲ.

ಅವರು ಬಗ್ಗಿ ಬೆಸ್ಸಿಯ ಜುಟ್ಟಿನೊಳಗೆ ಬೆರಳಾಡಿಸಿದರು.

"ಈ ಜಾತಿಗೆ ಲಿವರಿನ ರೋಗ ಬರುವ ವಿಷಯ ನಾನು ಕೇಳಿದ್ದೆ," ಎಂದರು. "ನಾಲ್ಕು ಪುಟದಲ್ಲಿ ಅದನ್ನು ಬರೆಯಲು ಮರೆತೆ. ತಾಮ್ರದ ಕೊಡದ ಬಗ್ಗೆ ನೆನಪಾಗಿದ್ದರೂ ಬರೆಯುತ್ತಿರಲಿಲ್ಲ. ನಮ್ಮೂರಲ್ಲಿ ಯಾರೂ ನಾಯಿಗೆ ಅಷ್ಟು ಒಳ್ಳೆಯ ಪಾತ್ರೆಯಲ್ಲಿ ನೀರು ಕೊಡುವುದಿಲ್ಲ."

ಅವರ ಬೆರಳು ಜುಟ್ಟಿನಿಂದ ಅವಳ ಪಕ್ಕೆಲುಬಿಗೆ ಇಳಿಯಿತು.

"ಈಗ ಊಟ ಮಾಡ್ತಾಳಾ?"

"ಮಾಡ್ತಾಳೆ ಸರ್. ಬೆಳಿಗ್ಗೆ ಎರಡು ಬಟ್ಟಲು ಗಂಜಿ, ಒಂದು ಮೊಟ್ಟೆ."

"ಕೆಲಸ?"

"ನಿನ್ನೆ ಮೂರು."

"ಹಾಗಾದ್ರೆ ಕೂತ್ಕೋ, ಜಯರಾಮ್. ಯಾಕೆ ನಿಂತಿದ್ದೀ?"

ಒಳಗಿನಿಂದ ಭಾಸ್ಕರಣ್ಣ ಚಹಾ ತಂದಿಟ್ಟು, "ಕೂರು ಮಾರಾಯ, ಹೇಳಿದ್ರಲ್ಲ," ಎಂದರು. ನಾನು ಕೂತೆ. ಬೆನ್ನು ಗೋಡೆಗೆ ತಗಲಿದ್ದೇ ತಡ, ಚಹಾದ ಲೋಟ ಕೈಯಲ್ಲಿರುವಾಗಲೇ ನನಗೆ ನಿದ್ದೆ ಬಂತಂತೆ. ಲೋಟವನ್ನು ಯಾರು ತೆಗೆದರೋ ಗೊತ್ತಿಲ್ಲ. ಎಚ್ಚರಾಗುವಾಗ ಸಂಜೆಯಾಗಿತ್ತು. ಟರ್ನರ್ ಹಜಾರದ ನೆಲದ ಮೇಲೆ ಕೂತು, ಹಳೆಯ ಚಾದರ ಹಾಸಿ, ಕತ್ತರಿ ಹಿಡಿದು ಬೆಸ್ಸಿಯ ಮಸಿ ಹಿಡಿದ ಉಣ್ಣೆ ಕತ್ತರಿಸುತ್ತಿದ್ದರು. ಕೆಳಗಿನಿಂದ ಬೂದು ಬಣ್ಣ ಹೊರಬರುತ್ತಿತ್ತು. ನಾನು ಏಳಲು ಹೋದೆ. "ನೀನು ಮಲಗು," ಎಂದರು. ಮಲಗಿದೆ.